ಎಷ್ಟು ದಿನ ಇರುತ್ತೀರಿ?

“ಅಣ್ಣಾ, ಹೋಗಲಾ ಬೇಡವಾ?” ಎಂದು ಚಿಕ್ಕಪ್ಪನ ಮಗಳು ಹೋದ ತಿಂಗಳು ಫೋನಿನಲ್ಲಿ ಕೇಳಿದಳು. ಬಿ.ಕಾಂ. ಎರಡನೇ ವರ್ಷದವಳು. ಚರ್ಚಿನ ಯುವಜನರ ಗುಂಪೊಂದು ಬೇಸಿಗೆ ರಜೆಯಲ್ಲಿ ಎರಡು ವಾರದ ಮಿಷನ್ ಪ್ರವಾಸ ಹೊರಟಿದೆ. ಹೆಸರು ಕೊಡಲು ಭಾನುವಾರ ಕೊನೆಯ ದಿನ. ವಿದ್ಯಾರ್ಥಿ ಮಿಷನ್ ಚಳವಳಿಗಳ ಚರಿತ್ರೆಯ ಮೇಲೆ ಪಿಎಚ್.ಡಿ. ಮಾಡುತ್ತಿರುವ ಅಣ್ಣನಿಗೆ ಉತ್ತರ ಗೊತ್ತಿರುತ್ತದೆ ಎಂದು ಅವಳ ನಂಬಿಕೆ. ನಾನು ಎರಡು ದಿನ ಸಮಯ ಕೇಳಿದೆ.

ಅವಳ ವಯಸ್ಸಿನಲ್ಲಿ ನಾನೂ ಹೋಗಿದ್ದೆ. ಆಂಧ್ರದ ಗುಡ್ಡಗಾಡಿನ ಹಳ್ಳಿ, ಹತ್ತು ದಿನ. ಶಾಲೆಯ ಗೋಡೆಗೆ ಸುಣ್ಣ ಬಳಿದೆವು, ಮಕ್ಕಳಿಗೆ ಹಾಡು ಕಲಿಸಿದೆವು, ಪ್ರಾರ್ಥನೆ ಮಾಡಿದೆವು. ಎರಡನೆಯ ದಿನ ಅಜ್ಜಿಯೊಬ್ಬರು ನನ್ನ ಕೈಹಿಡಿದು ಏನೋ ಕೇಳಿದರು. ಎಷ್ಟು ದಿನ ಇರುತ್ತೀರಿ ಎಂದು ಕೇಳುತ್ತಿದ್ದಾರೆಂದು ಜೊತೆಗಿದ್ದ ಹುಡುಗ ಹರಕು ಹಿಂದಿಯಲ್ಲಿ ತಿಳಿಸಿದ. ನಾನು ಹತ್ತು ಬೆರಳು ತೋರಿಸಿದೆ. ಅಜ್ಜಿ ಕೈಬಿಟ್ಟು ತಮ್ಮ ಕೆಲಸಕ್ಕೆ ಹೋದರು. ಹಳೆಯ ದಾಖಲೆಗಳನ್ನು ಓದುವಾಗೆಲ್ಲ ಆ ಪ್ರಶ್ನೆ ಎದುರಾಗುತ್ತದೆ.

1886ರ ಬೇಸಿಗೆಯಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಮೌಂಟ್ ಹರ್ಮನ್‌ನಲ್ಲಿ ಬೋಧಕ ಡಿ.ಎಲ್. ಮೂಡಿಯವರ ನೇತೃತ್ವದ ಶಿಬಿರಕ್ಕೆ ಸುಮಾರು 250 ಕಾಲೇಜು ವಿದ್ಯಾರ್ಥಿಗಳು ಸೇರಿದ್ದರು. ಅವರಲ್ಲಿ ಪ್ರಿನ್ಸ್‌ಟನ್‌ನಲ್ಲಿ ಓದಿದ ರಾಬರ್ಟ್ ವೈಲ್ಡರ್ ಒಬ್ಬರು. ಅವರು ಹುಟ್ಟಿದ್ದು ನಮ್ಮ ನೆರೆಯ ಕೊಲ್ಹಾಪುರದಲ್ಲಿ, ಮಿಷನರಿ ದಂಪತಿಯ ಮಗನಾಗಿ. ದೇವರ ಚಿತ್ತವಿದ್ದರೆ ಹೊರದೇಶಕ್ಕೆ ಮಿಷನರಿಯಾಗಿ ಹೋಗಲು ಸಿದ್ಧ ಎಂಬ ಪ್ರತಿಜ್ಞೆಯನ್ನು ಶಿಬಿರ ಮುಗಿಯುವ ಹೊತ್ತಿಗೆ 100 ಮಂದಿ ಸ್ವೀಕರಿಸಿದ್ದರು. 1888ರಲ್ಲಿ ಇದೇ ‘ಸ್ಟೂಡೆಂಟ್ ವಾಲಂಟಿಯರ್ ಮೂವ್‌ಮೆಂಟ್’ ಎಂಬ ಸಂಘಟನೆಯಾಯಿತು. ಮುಂದಿನ ದಶಕಗಳಲ್ಲಿ ಅದರ ಮೂಲಕ ಸುಮಾರು 20,000 ಮಂದಿ ಹೊರದೇಶಗಳಿಗೆ ಹೋದರು.

ಆ ಕಾಲದ ಪ್ರತಿಜ್ಞೆ ಎಂದರೆ ಸಾಮಾನ್ಯವಾಗಿ ಇಡೀ ಆಯುಷ್ಯದ ಲೆಕ್ಕ. ಹಡಗು ಇಳಿದವರ ಮೊದಲ ಕೆಲಸ ಅಲ್ಲಿನ ಭಾಷೆ ಕಲಿಯುವುದು. ಅದಕ್ಕೂ ಮೊದಲೇ ನಮ್ಮಲ್ಲಿಗೆ ಬಂದ ಬಾಸೆಲ್ ಮಿಷನ್ನಿನವರದೂ ಇದೇ ರೀತಿ. 1836ರಲ್ಲಿ ಬಂದ ಮೊಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರಡಿಸಿದ್ದು 1843ರಲ್ಲಿ. 1853ರಲ್ಲಿ ಬಂದ ಕಿಟೆಲ್ಲರ ನಿಘಂಟು ಅಚ್ಚಾದದ್ದು 1894ರಲ್ಲಿ. ಇವರನ್ನು ಹೊಗಳಿ ಕೈಮುಗಿಯಬೇಕೆಂದು ನಾನು ಹೇಳುತ್ತಿಲ್ಲ. ಬ್ರಿಟಿಷ್ ಆಡಳಿತದ ನೆರಳೂ ತಮ್ಮ ಧರ್ಮವೇ ಸತ್ಯವೆಂಬ ಹಮ್ಮೂ ಮಿಷನರಿಗಳ ಜೊತೆಗಿದ್ದವು. ಆದರೆ ದೀರ್ಘಕಾಲ ಉಳಿದವರು ಕಲಿಸಲು ಬಂದರೂ ಕಲಿಯದೆ ವಿಧಿಯಿರಲಿಲ್ಲ.

ಎರಡನೇ ಮಹಾಯುದ್ಧದ ನಂತರ ಈ ಲೆಕ್ಕ ಬದಲಾಯಿತು. 1957ರ ಬೇಸಿಗೆ ರಜೆಯಲ್ಲಿ ಜಾರ್ಜ್ ವರ್ವರ್ ಎಂಬ ಅಮೆರಿಕದ ವಿದ್ಯಾರ್ಥಿ ಇಬ್ಬರು ಗೆಳೆಯರೊಡನೆ ಲಾರಿಯಲ್ಲಿ ಧಾರ್ಮಿಕ ಪುಸ್ತಕಗಳನ್ನು ತುಂಬಿಕೊಂಡು ಮೆಕ್ಸಿಕೋಗೆ ಹೋದರು. 1960ರಲ್ಲಿ ‘ಯೂತ್ ವಿತ್ ಎ ಮಿಷನ್’ ಹುಟ್ಟಿತು. ವಿಮಾನಯಾನ ಅಗ್ಗವಾದಂತೆ ಮಿಷನ್ ರಜೆಯೊಳಗೆ ಮುಗಿಯುವ ಕೆಲಸವಾಯಿತು.

1968ರಲ್ಲಿ ಮೆಕ್ಸಿಕೋದ ಹಳ್ಳಿಗಳಲ್ಲಿ ಬೇಸಿಗೆ ಸೇವೆಗೆ ಹೊರಟಿದ್ದ ಅಮೆರಿಕದ ವಿದ್ಯಾರ್ಥಿಗಳ ಸಭೆಗೆ ಪಾದ್ರಿ ಇವಾನ್ ಇಲಿಚ್ ಅತಿಥಿಯಾಗಿ ಬಂದರು. ಕ್ವೆರ್ನವಾಕಾದಲ್ಲಿ ಅವರು ನಡೆಸುತ್ತಿದ್ದ ಕೇಂದ್ರದಲ್ಲಿ ಹೊರಗಿನಿಂದ ಬಂದವರಿಗೆ ಸ್ಪ್ಯಾನಿಷ್ ಕಲಿಸುತ್ತಿದ್ದರು. ಅತಿಥಿ ಅಭಿನಂದಿಸಲಿಲ್ಲ. ನೋಡಲು, ಕಲಿಯಲು ಬೇಕಾದರೆ ಬನ್ನಿ, ಉದ್ಧಾರ ಮಾಡಲು ಮಾತ್ರ ಬರಬೇಡಿ ಎಂಬುದು ಅವರ ಭಾಷಣದ ತಿರುಳು. ಜನ ಮುಖಕ್ಕೆ ಹೊಡೆದಂತೆ ಬೇಡ ಎಂದರೂ ಅರ್ಥವಾಗದಷ್ಟು ಭಾಷೆ ಬಾರದವರು ಯಾರಿಗೆ ನೆರವಾಗಬಲ್ಲರು ಎಂಬುದು ಅವರ ಆಕ್ಷೇಪ.

ಸಮಾಜಶಾಸ್ತ್ರಜ್ಞ ಕರ್ಟ್ ವೆರ್ ಬೀಕ್ ಹೊಂಡುರಾಸ್‌ನಲ್ಲಿ ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. 1998ರ ಮಿಚ್ ಚಂಡಮಾರುತದಲ್ಲಿ ಮನೆ ಕಳೆದುಕೊಂಡವರಿಗೆ ಉತ್ತರ ಅಮೆರಿಕದ ಗುಂಪುಗಳು ಬಂದು ಮನೆ ಕಟ್ಟಿದ್ದವು. ಪ್ರಯಾಣವೂ ಸೇರಿ ಒಂದು ಗುಂಪಿನ ಖರ್ಚು ಸುಮಾರು 30,000 ಡಾಲರ್. ಕಟ್ಟಿದ ಮನೆಯ ಬೆಲೆ ಸುಮಾರು 2,000 ಡಾಲರ್. ಹೊರಗಿನವರು ಕಟ್ಟಿದರೂ ಸ್ಥಳೀಯರು ಕಟ್ಟಿದರೂ ಮನೆ ಪಡೆದವರ ಬದುಕಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹೋಗಿಬಂದವರ ಬದುಕಿನಲ್ಲಿ ಆದ ಬದಲಾವಣೆಯೂ ಅವರೇ ಭಾವಿಸಿದಷ್ಟು ದೊಡ್ಡದಾಗಿರಲಿಲ್ಲ. ಇದನ್ನು ಓದಿದ ದಿನ ನಾವು ಸುಣ್ಣ ಬಳಿದ ಗೋಡೆ ನೆನಪಾಯಿತು. ಆ ಊರಿನಲ್ಲಿ ಸುಣ್ಣ ಬಳಿಯಬಲ್ಲವರು ಇರಲಿಲ್ಲವೇ? ನಮ್ಮ ರೈಲು ಟಿಕೆಟ್ಟಿನ ದುಡ್ಡನ್ನು ಅವರಿಗೇ ಕೂಲಿಯಾಗಿ ಕೊಡಬಹುದಿತ್ತಲ್ಲವೇ?

ಆದರೂ ತಂಗಿಗೆ ಹೋಗಬೇಡ ಎನ್ನಲಿಲ್ಲ. ಆ ಹತ್ತು ದಿನ ಇಲ್ಲದಿದ್ದರೆ ನಾನೂ ಈ ಸಂಶೋಧನೆಗೆ ಬರುತ್ತಿರಲಿಲ್ಲ; ಆ ಪ್ರವಾಸದ ಲಾಭವೆಲ್ಲ ನನಗೇ ಆಯಿತು. ಹೆಸರು ಕೊಡುವ ಮೊದಲು ಸಂಘಟಕರನ್ನು ಮೂರು ಮಾತು ಕೇಳು ಎಂದೆ: ಈ ಕೆಲಸ ಬೇಕೆಂದು ಊರಿನವರು ಕೇಳಿದ್ದಾರೆಯೇ? ನಾವು ಹೋಗದಿದ್ದರೆ ಅದನ್ನು ಯಾರು ಮಾಡುತ್ತಾರೆ? ಹೊರಡುವ ಮೊದಲು ಅಲ್ಲಿನ ಭಾಷೆ ಸ್ವಲ್ಪವಾದರೂ ಕಲಿಸುತ್ತೀರಾ?

ಭಾನುವಾರ ಸಂಜೆ ಅವಳದೇ ಫೋನ್ ಬಂತು. ಮೊದಲೆರಡು ಪ್ರಶ್ನೆಗೆ ಯಾರೂ ಸರಿಯಾಗಿ ಉತ್ತರಿಸಲಿಲ್ಲವಂತೆ, ಹೆಸರು ಕೊಟ್ಟಿಲ್ಲವಂತೆ. “ಆ ಅಜ್ಜಿ ಯಾವ ಭಾಷೆ ಮಾತಾಡ್ತಿದ್ರು ಅಣ್ಣಾ?” ಎಂದಳು. ಅಷ್ಟು ವರ್ಷವಾದರೂ ನಾನು ಅದನ್ನು ಯಾರನ್ನೂ ಕೇಳಿರಲಿಲ್ಲ.