ಕ್ರಮಸಂಖ್ಯೆಯಿಂದ ಫೆನ್ಸ್‌ವರೆಗೆ: ಐ915 ಡ್ರೈವರ್‌ನಲ್ಲಿ ಕೋರಿಕೆಗಳ ಲೆಕ್ಕ

ನಮ್ಮ ಮಾನೋಪಾಡಿನ ಕಡೆ ಹಿಟ್ಟಿನ ಗಿರಣಿಗೆ ಹೋದರೆ ಡಬ್ಬಿ ಇಟ್ಟು ಪಾಳಿ ಕಾಯಬೇಕು. ಒಂದೇ ಗಿರಣಿ ಇದ್ದಾಗ ಲೆಕ್ಕ ಸುಲಭ: ಹದಿನಾಲ್ಕನೇ ಡಬ್ಬಿ ಬೀಸಿ ಆಯ್ತು ಅಂದರೆ ಹದಿಮೂರನೆಯದೂ ಆಗಿದೆ. ಇಂಟೆಲ್ ಗ್ರಾಫಿಕ್ಸ್‌ಗಾಗಿ ಇರುವ ಲಿನಕ್ಸ್ ಡ್ರೈವರ್ ಐ915 ತನ್ನ ಮೊದಲ ವರ್ಷಗಳಲ್ಲಿ ಇದೇ ನಂಬಿಕೆಯ ಮೇಲೆ ನಡೆಯಿತು.

2008ರ ಡಿಸೆಂಬರ್‌ನಲ್ಲಿ ಬಂದ ಕರ್ನಲ್ 2.6.28ರಲ್ಲಿ ಎರಿಕ್ ಅನ್‌ಹೋಲ್ಟ್, ಕೀತ್ ಪ್ಯಾಕರ್ಡ್ ಮುಂತಾದವರ 'ಜೆಮ್' ಸೇರಿತು. ಪ್ರತಿ ಕೋರಿಕೆಗೂ ಒಂದು 32 ಬಿಟ್ ಸಂಖ್ಯೆ. ಆಜ್ಞೆಗಳ ಕೊನೆಗೆ ಇನ್ನೊಂದು ಆಜ್ಞೆ: 'ಈ ಸಂಖ್ಯೆಯನ್ನು ಮೆಮೊರಿಯಲ್ಲಿ ಬರೆ, ಇಂಟರಪ್ಟ್ ಕೊಡು.' ಡ್ರೈವರ್ ಆ ಒಂದು ಜಾಗ ನೋಡಿದರೆ ಸಾಕು. ಸಂಖ್ಯೆ ತುಂಬಿ ಮತ್ತೆ ಮೊದಲಿನಿಂದ ಎಣಿಸತೊಡಗಿದರೂ, ಎರಡರ ವ್ಯತ್ಯಾಸ ಧನವೋ ಋಣವೋ ನೋಡಿದರೆ ಹಿಂದುಮುಂದು ಗೊತ್ತಾಗುತ್ತೆ.

ಆದರೆ ಬರೆಯೋದು, ಕೂಗೋದು ಎರಡು ಬೇರೆ ಕೆಲಸ ನೋಡ್ರಿ. ಐವಿ ಬ್ರಿಜ್ ಚಿಪ್‌ನಲ್ಲಿ ಕೂಗು ಮೊದಲು ತಲುಪಿ, ಸಂಖ್ಯೆ ಆಮೇಲೆ ಕಾಣಿಸಬಹುದಿತ್ತು. ಕಾಯ್ತಿದ್ದ ಪ್ರೋಗ್ರಾಂ ಎದ್ದು ನೋಡುತ್ತೆ, ಹಳೇ ಸಂಖ್ಯೆಯೇ ಇದೆ, ಮತ್ತೆ ಮಲಗುತ್ತೆ. ಎರಡನೇ ಸಲ ಕೂಗುವವರು ಯಾರೂ ಇಲ್ಲ! ಪರಿಹಾರ ವಿಚಿತ್ರ: ಸಂಖ್ಯೆ ಓದುವ ಮುಂಚೆ ಚಿಪ್‌ನ ಒಂದು ರಿಜಿಸ್ಟರನ್ನು ಸುಮ್ಮನೆ ಓದೋದು, ಅಷ್ಟರಲ್ಲಿ ಕ್ರಮ ಸರಿಯಾಗುತ್ತೆ. ಆ ಕೋಡಿನ ಟಿಪ್ಪಣಿಯಲ್ಲಿ ಸ್ಯಾಂಡಿ ಬ್ರಿಜ್‌ಗೂ ಇದು ಬೇಕಾಗಬಹುದು ಅನ್ನುವ ಸಂಶಯವಿದೆ. ಇತಿಹಾಸದ ವಿದ್ಯಾರ್ಥಿಯಾಗಿ ನನಗೆ ಆ ಸಂಶಯವೇ ದೊಡ್ಡ ದಾಖಲೆ. ಹಾರ್ಡ್‌ವೇರ್ ಹೇಗೆ ನಡೀತಿದೆ ಅನ್ನೋದು ಬರೆದವರಿಗೂ ಪೂರ್ತಿ ಗೊತ್ತಿರಲಿಲ್ಲ.

ಇನ್ನೊಂದು ತೊಂದರೆ, ಒಂದು ಕೂಗಿಗೆ ಕಾದಿದ್ದವರೆಲ್ಲ ಏಳೋದು. 2016ರಲ್ಲಿ ಕ್ರಿಸ್ ವಿಲ್ಸನ್ ಅದನ್ನು ಬದಲಿಸಿದರು: ಪಾಳಿಯಲ್ಲಿ ಮೊದಲಿರುವವರೊಬ್ಬರು ಏಳಲಿ, ಮುಗಿದವರನ್ನು ಅವರೇ ಎಬ್ಬಿಸಲಿ.

ಸಂಖ್ಯೆ ಸಾಲದಾಗಿದ್ದು ಯಾಕೆ? ಡ್ರೈವರ್‌ಗಳು ಪರಸ್ಪರ ಬಫರ್ ಹಂಚಿಕೊಳ್ಳಬೇಕಾಗಿ ಬಂತು, ಅದಕ್ಕ ಅಂತಾರೆ. ಅದು ಅರ್ಧ ನಿಜ. ಸುಮಿತ್ ಸೆಮ್‌ವಾಲ್ ಬರೆದ ಡಿಎಂಎ-ಬಫ್ 2012ರಲ್ಲಿ ಬಂತು, ಮಾರ್ಟೆನ್ ಲಂಕ್‌ಹಾರ್ಸ್ಟ್ ಅವರ ಫೆನ್ಸ್ 2014ರಲ್ಲಿ, ಕರ್ನಲ್ 3.17ಕ್ಕೆ. ಆದರೆ ಅದಕ್ಕೂ ಮುಂಚೆ ಡ್ರೈವರ್ ಒಳಗೇ ಕ್ರಮ ಮುರಿದಿತ್ತು. ಚಿತ್ರ ಬಿಡಿಸಲು ಒಂದು ಎಂಜಿನ್, ನಕಲಿಗೆ ಇನ್ನೊಂದು, ವಿಡಿಯೊಗೆ ಮತ್ತೊಂದು. ಜೋಳದ ಗಿರಣಿ ಬೇರೆ, ಖಾರದ ಗಿರಣಿ ಬೇರೆ ಆದ ಮೇಲೆ ಹದಿನಾಲ್ಕು ಮುಗಿದರೂ ಹದಿಮೂರು ಬಾಕಿ ಇರಬಹುದು. ಆದ್ಯತೆ ನೋಡಿ ಪಾಳಿ ಬದಲಿಸುವ ಶೆಡ್ಯೂಲರ್ ಬಂದಾಗಂತೂ ಸಂಖ್ಯೆಗೆ ಅರ್ಥವೇ ಉಳಿಯಲಿಲ್ಲ.

2016ರ ಡಿಸೆಂಬರ್‌ನ 4.9ರಲ್ಲಿ ಐ915 ಕೋರಿಕೆಯೇ ಫೆನ್ಸ್ ಆಯಿತು. 'ಎಷ್ಟರವರೆಗೆ ಬಂತು' ಅನ್ನುವ ಪ್ರಶ್ನೆ ಹೋಗಿ 'ನನ್ನದು ಮುಗೀತಾ' ಅನ್ನುವುದು ಬಂತು. (ಬೇಲಿ ಅನ್ನುವ ಹೆಸರು ನನಗೆ ಒಪ್ಪೋದಿಲ್ಲ, ಚೀಟಿ ಅಂದಿದ್ದರೆ ಚೆನ್ನಾಗಿತ್ತು.) ಇಡೀ ಡ್ರೈವರ್‌ಗೆ ಒಂದೇ ಆಗಿದ್ದ ಆ ಹಳೇ ಸಂಖ್ಯೆಯನ್ನು 2019ರಲ್ಲಿ ಕಿತ್ತುಹಾಕಿದರು.

ಹೊಸ ಹೊರೆಯೂ ಬಂತು. ಸಂಖ್ಯೆ ಮನೆಯೊಳಗಿನ ಲೆಕ್ಕವಾಗಿತ್ತು. ಫೆನ್ಸ್ ಪರರಿಗೆ ಕೊಟ್ಟ ಮಾತು. ಬೇಗನೋ ತಡವಾಗಿಯೋ ಅದು ಮುಗಿಯಲೇಬೇಕು. ಅದನ್ನು ಮುಗಿಸುವ ದಾರಿಯಲ್ಲಿ ಡ್ರೈವರ್ ಮೆಮೊರಿ ಕೇಳಿದರೆ, ಮೆಮೊರಿ ಬಿಡಿಸಿಕೊಳ್ಳಲು ಕರ್ನಲ್ ಅದೇ ಫೆನ್ಸ್‌ಗೆ ಕಾಯಬಹುದು, ಆಗ ಎರಡೂ ನಿಂತುಬಿಡುತ್ತವೆ. ಇಂಥ ಜಾಗಗಳನ್ನು ಕೋಡಿನಲ್ಲೇ ಗುರುತು ಹಾಕಿ ಪರೀಕ್ಷಿಸುವ ವ್ಯವಸ್ಥೆಯನ್ನು ಡೇನಿಯಲ್ ವೆಟರ್ 2020ರಲ್ಲಿ, 5.9ಕ್ಕೆ ಸೇರಿಸಿದರು. ಫೆನ್ಸ್ ಬಂದು ಆಗಲೇ ಆರು ವರ್ಷವಾಗಿತ್ತು.