ಹಳೆಯ ಪೇಟಿಗೆ ಎಷ್ಟು ಬೆಲೆ?

ಬೆಳಗಾವಿ ಸೀಮೆಯಲ್ಲಿ ಹಾರ್ಮೋನಿಯಂ ಎಂದರೆ ಪೇಟಿ, ನುಡಿಸುವವರು ಪೇಟಿ ಮಾಸ್ತರರು. ಹಳೆಯ ಪೇಟಿಯೊಂದು ಮಾರಾಟಕ್ಕೆ ಬಂದರೆ ಮೊದಲು ಕಿವಿಗೆ ಬೀಳುವ ಮಾತು ‘ಪ್ಯಾರಿಸ್ ರೀಡು’ ಅಥವಾ ‘ಜರ್ಮನ್ ರೀಡು’. ಅಷ್ಟಕ್ಕೇ ಬೆಲೆ ಏರುತ್ತದೆ. ಈ ಹೆಸರುಗಳ ಮೋಹ ಹುಟ್ಟಿದ್ದಕ್ಕೆ ನಾದದಷ್ಟೇ ಇತಿಹಾಸವೂ ಕಾರಣ. 1842ರಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂದ್ರ್ ದೆಬೆ ಪೇಟೆಂಟ್ ಪಡೆದ ಈ ವಾದ್ಯ ಅಲ್ಲಿ ಕಾಲಿನಿಂದ ತಿದಿ ಒತ್ತುವ ಪೀಠೋಪಕರಣವಾಗಿತ್ತು. ಹತ್ತೊಂಬತ್ತನೇ ಶತಮಾನದ ಕೊನೆಯ ದಶಕಗಳಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷರು ಅದನ್ನು ನೆಲದ ಮೇಲಿಟ್ಟು ಕೈಯಿಂದ ಗಾಳಿ ಹಾಕುವ ರೂಪಕ್ಕೆ ತಂದರು. ಪೆಟ್ಟಿಗೆ ಇಲ್ಲಿಯದಾದರೂ ಒಳಗೆ ಗಾಳಿಗೆ ಅಲುಗಿ ದನಿ ಕೊಡುವ ಒಳ್ಳೆಯ ರೀಡುಗಳು ಬಹುಕಾಲ ಪ್ಯಾರಿಸ್ಸಿನ ಕಾಸ್ರಿಯೆಲ್‌ನಂಥ ತಯಾರಕರಿಂದ, ಜರ್ಮನಿಯಿಂದ ಬರುತ್ತಿದ್ದವು. ಎರಡನೇ ಮಹಾಯುದ್ಧ ಆ ದಾರಿಯನ್ನು ಮುರಿಯಿತು. ಮುಂದೆ ಗುಜರಾತಿನ ಪಾಲಿತಾಣಾದ ರೀಡುಗಳೇ ನಮ್ಮ ಪೇಟಿಗಳ ದನಿಯಾದವು. ಮತ್ತೆ ಸಿಗದ ಸರಕಿಗೆ ಕೀರ್ತಿ ಬೆಳೆಯುವುದು ಸಹಜ.

ಅದೇ ಹೊತ್ತಿಗೆ ಇನ್ನೊಂದು ಪೆಟ್ಟು ಬಿತ್ತು. 1940ರ ಮಾರ್ಚ್ 1ರಿಂದ ಆಕಾಶವಾಣಿ ಹಾರ್ಮೋನಿಯಂ ಅನ್ನು ನಿಷೇಧಿಸಿತು. 1971ರ ಹೊತ್ತಿಗಷ್ಟೇ, ಅದೂ ಸಾಥಿಗೆ ಮಾತ್ರ, ಬಿಗಿ ಸಡಿಲವಾಯಿತು. 1950ರಲ್ಲಿ ಶುರುವಾದ ಪಕ್ಕದ ಧಾರವಾಡ ನಿಲಯವೂ ಆಗ ಪೇಟಿಗೆ ಮುಚ್ಚಿದ ಬಾಗಿಲೇ ಆಗಿತ್ತು. ಹಾಗಿದ್ದೂ ಬೆಳಗಾವಿಯಲ್ಲಿ ಈ ವಾದ್ಯ ಸೊರಗಲಿಲ್ಲ. ಅದನ್ನು ಉಳಿಸಿದ್ದು ನಾಟಕ ಕಂಪನಿ, ಮನೆಯ ಬೈಠಕ್ಕು ಮತ್ತು ಪಾಠಶಾಲೆ. ಕಾಗವಾಡದಲ್ಲಿ 1917ರಲ್ಲಿ ಹುಟ್ಟಿ 2010ರಲ್ಲಿ ತೀರಿಕೊಂಡ ಪಂಡಿತ ರಾಮಭಾವು ಬಿಜಾಪುರೆ ಬೆಳಗಾವಿಯನ್ನೇ ಮನೆ ಮಾಡಿಕೊಂಡು ತಲೆಮಾರುಗಳ ಗಾಯಕರಿಗೆ ಸಾಥಿ ಕೊಟ್ಟರು, ಅಸಂಖ್ಯ ಶಿಷ್ಯರನ್ನು ತಯಾರು ಮಾಡಿದರು. ಅಂಥ ಊರಿನಲ್ಲಿ ಪೇಟಿ ಕಪಾಟಿನಲ್ಲಿ ಕುಳಿತ ವಸ್ತುವಾಗಿರಲಿಲ್ಲ. ದಿನವೂ ದುಡಿದ ವಾದ್ಯವಾಗಿತ್ತು, ದುಡಿದಂತೆಲ್ಲ ಮತ್ತೆ ಮತ್ತೆ ಶ್ರುತಿ ಮಾಡಿಸಿಕೊಂಡಿತ್ತು.

ಕೊಳ್ಳುವವರು ಯೋಚಿಸಬೇಕಾದದ್ದು ಇಲ್ಲಿಯೇ. ರೀಡಿನ ಶ್ರುತಿ ಏರಿಸಬೇಕಾದರೆ ಅದರ ಅಲುಗುವ ತುದಿಯನ್ನು ಕೆರೆಯಬೇಕು, ಇಳಿಸಬೇಕಾದರೆ ಬುಡವನ್ನು. ಎರಡರಲ್ಲೂ ಲೋಹ ಹೋಗುತ್ತದೆ, ತಿರುಗಿ ಬರುವುದಿಲ್ಲ. ಹಿತ್ತಾಳೆಯ ನಾಲಿಗೆ ತೆಳುವಾದಷ್ಟೂ ಜೋರಾಗಿ ತಿದಿ ಒತ್ತಿದಾಗ ಸ್ವರ ಜಾರುತ್ತದೆ, ಕಡೆಗೊಂದು ದಿನ ಬುಡದಲ್ಲಿ ಮುರಿಯುತ್ತದೆ. ಸಮಭಾಗದ ಹನ್ನೆರಡು ಸ್ವರಗಳು ರಾಗಕ್ಕೆ ಒಗ್ಗವು ಎಂಬ ನಿಷೇಧಕಾಲದ ಆಕ್ಷೇಪಕ್ಕೆ ನಮ್ಮ ಕಡೆಯ ವಾದಕರು ಕೊಟ್ಟ ಒಂದು ಉತ್ತರವೂ ಕೆರೆಯುವುದೇ ಆಗಿತ್ತು: ಗಾಂಧಾರವನ್ನು ತಂಬೂರಿಯಲ್ಲಿ ಕೇಳುವ ಗಾಂಧಾರಕ್ಕೆ ಇಳಿಸಿ ಕೂಡಿಸುವುದು. ಹಾಗಾಗಿ ನಾವು ‘ಹಳೆಯ ಮಾಧುರ್ಯ’ ಎಂದು ಮೆಚ್ಚುವುದರಲ್ಲಿ ಪ್ಯಾರಿಸ್ಸಿನ ಪಾಲಿನ ಜೊತೆಗೆ ಇಲ್ಲಿನ ಶ್ರುತಿಗಾರನ ಕಿವಿಯ ಪಾಲೂ ದೊಡ್ಡದು. ಹಳೆಯ ಪೇಟಿಗೆ ಬೆಲೆ ಕಟ್ಟುವಾಗ ರೀಡಿನಲ್ಲಿ ಇನ್ನೂ ಉಳಿದಿರುವ ಲೋಹವನ್ನೇ ಮೊದಲು ಲೆಕ್ಕಕ್ಕೆ ಹಿಡಿಯಬೇಕು ಎಂದು ನಾನು ವಾದಿಸುವುದು ಇದಕ್ಕೇ. ಮೇಲಿನ ಹಲಗೆ ತೆಗೆಸಿ ನಾಲಿಗೆಯ ತುದಿ, ಬುಡಗಳಲ್ಲಿ ಅರದ ಗೀರು ಎಷ್ಟು ಆಳವಿದೆ ನೋಡಬೇಕು. ಖರ್ಜ (ತಗ್ಗು), ನರ (ನಡು) ರೀಡುಗಳ ಸಾಲುಗಳನ್ನು ಬೇರೆಬೇರೆಯಾಗಿ ತೆರೆದು, ಅತಿ ಕಡಿಮೆ ಗಾಳಿಯಲ್ಲಿ ಪ್ರತಿ ಸ್ವರವೂ ತಡವರಿಸದೆ ಏಳುತ್ತದೆಯೇ ಕೇಳಬೇಕು.

ವಿದೇಶಿ ರೀಡಿನ ಲೋಹವೇ ಉತ್ತಮ, ಅದಕ್ಕೇ ಇಷ್ಟು ಕಾಲ ಬಾಳಿದೆ ಎನ್ನುವವರಿದ್ದಾರೆ. ಒಪ್ಪುತ್ತೇನೆ, ಹದವಾದ ಹಿತ್ತಾಳೆ, ಒಂದೇ ಸಮನಾದ ಕೆಲಸ ಅವುಗಳಲ್ಲಿ ಕಾಣುತ್ತದೆ. ಆದರೆ ಉತ್ತಮ ಲೋಹವನ್ನೂ ಅರ ತಿನ್ನುತ್ತದೆ. ಹೆಸರಾಂತ ಕಲಾವಿದರ ಕೈಯಲ್ಲಿದ್ದ ಪೇಟಿಗೆ ಬೇರೆ ಬೆಲೆ ಇರಬೇಕು ಎಂಬುದೂ ನ್ಯಾಯವೇ, ಆದರೆ ಅದು ಸ್ಮಾರಕದ ಬೆಲೆ. ಮಗುವಿಗೆ ಕಲಿಸಲು ಕೊಳ್ಳುವವರು ಅದನ್ನು ತೆರಬೇಕಾಗಿಲ್ಲ. ಹಳೆಯ ಮರ ಚೆನ್ನಾಗಿ ಒಣಗಿರುತ್ತದೆ ಎಂಬ ಮಾತಿಗೆ ಖಾನಾಪುರದ ಮಳೆಯೇ ಉತ್ತರ. ಮಲಪ್ರಭೆ ಹುಟ್ಟುವ ಕಣಕುಂಬಿಯ ಸುತ್ತ ತಿಂಗಳುಗಟ್ಟಲೆ ಬಿಡದೆ ಸುರಿಯುವ ಕಡೆ ಮರ ಎಷ್ಟೇ ಹಳೆಯದಿರಲಿ ತೇವ ಹೀರಿ ಉಬ್ಬುತ್ತದೆ, ಮಣೆಗಳು ಸಿಕ್ಕಿಕೊಳ್ಳುತ್ತವೆ, ಚರ್ಮದ ಮುಚ್ಚಳಗಳು ಸರಿಯಾಗಿ ಕೂರದೆ ಗಾಳಿ ಸೋರುತ್ತದೆ. ಅದಕ್ಕೇ ಪೇಟಿಯನ್ನು ಬೇಸಿಗೆಯಲ್ಲಿ ನೋಡಿ ಕೊಳ್ಳುವುದಕ್ಕಿಂತ ಶ್ರಾವಣದಲ್ಲಿ ನೋಡುವುದು ಮೇಲು. ಆದರೂ ಮರ, ಚರ್ಮ, ತಿದಿಯ ಬಟ್ಟೆ ಇವೆಲ್ಲ ದುರಸ್ತಿಯಾಗುವಂಥವು, ಕೆರೆದುಹೋದ ಲೋಹದಂತಲ್ಲ.

ಇನ್ನು ಅರವೇ ಮುಟ್ಟದ ಅಪರೂಪದ ಪೇಟಿ ಸಿಕ್ಕರೆ? ಫ್ರಾನ್ಸ್ 1859ರಲ್ಲಿ ತನ್ನ ಪ್ರಮಾಣ ಶ್ರುತಿಯನ್ನು ಸೆಕೆಂಡಿಗೆ 435 ಕಂಪನವೆಂದು ಗೊತ್ತು ಮಾಡಿತ್ತು. ಇಂದಿನ ಪ್ರಮಾಣ 440. ಫ್ರಾನ್ಸಿನ ಆ ಹಳೆಯ ಅಳತೆಗೆ ಕೂಡಿಸಿದ ಪೇಟಿಯ ‘ಕರಿ ಎರಡು’, ಅಂದರೆ ಎರಡನೇ ಕರಿಮಣೆಯ ಸ್ವರ, ಇಂದಿನ ಕರಿ ಎರಡಕ್ಕಿಂತ ಅರ್ಧ ಸ್ವರದ ಸುಮಾರು ಐದನೇ ಒಂದು ಭಾಗದಷ್ಟು ಕೆಳಗೆ ನಿಲ್ಲುತ್ತದೆ. ಇಂದಿನ ಅಳತೆಯ ಬೇರೆ ಪೇಟಿಯ ಜೊತೆ ಇಟ್ಟರೆ ಕಿವಿಗೆ ಕಿರಿಕಿರಿ, ಸರಿಪಡಿಸಹೊರಟರೆ ಪ್ರತಿ ನಾಲಿಗೆಯ ತುದಿಗೂ ಅರ ಹಚ್ಚಬೇಕು. ಅಂಥ ಪೇಟಿಯನ್ನು ಕೊಂಡವರು ಅದನ್ನು ಕೆರೆಸಬಾರದು. ತಂಬೂರಿಯ ತಂತಿಯನ್ನೇ ಅದರ ಷಡ್ಜಕ್ಕೆ ಇಳಿಸಿಕೊಂಡು ಹಾಡಬೇಕು.