ಕೊಳಚೆ ಉಕ್ಕಿದರೆ ಯಾರಿಗೆ ಫೋನು?

ವಿಷಯ ಸ್ವಲ್ಪ ಗಬ್ಬು ನಾರುವಂಥದ್ದು, ಊಟ ಮುಗಿಸಿ ಓದಿದರೆ ಒಳ್ಳೇದು :-)

ಇತಿಹಾಸ ಅಂದ ಕೂಡಲೇ ರಾಜರು, ಕೋಟೆ, ಶಾಸನ ಅಂತ ಹೊರಟುಬಿಡ್ತೀವಿ. ನಾನು ಇವತ್ತು ಹೇಳೋಕೆ ಹೊರಟಿರೋದು ಬರೀ ಎರಡು ಗಂಟೆಯ ಒಂದು ನಿಯಮದ ಇತಿಹಾಸ.

ಕ್ಯಾಲಿಫೋರ್ನಿಯಾದಲ್ಲಿ ಒಳಚರಂಡಿ ನೋಡಿಕೊಳ್ಳೋಕೆ ಎಷ್ಟೋ ಕಡೆ 'ಸ್ಯಾನಿಟರಿ ಡಿಸ್ಟ್ರಿಕ್ಟ್' ಅನ್ನೋ ಸಂಸ್ಥೆಗಳಿವೆ. ಇವು ನಗರಸಭೆಯ ಇಲಾಖೆಗಳಲ್ಲ. ಇವಕ್ಕಾಗಿಯೇ 1923ರಲ್ಲಿ ಮಾಡಿದ ಕಾಯ್ದೆಯೊಂದಿದೆ, ಜನರೇ ಆರಿಸಿದ ಮಂಡಳಿ ಇರುತ್ತೆ. ಕೊಳಚೆಗೆಂದೇ ಒಂದು ಪಂಚಾಯ್ತಿ ಅನ್ನಿ. ಫ್ರೀಮಾಂಟ್‌ನಲ್ಲಿರೋ ನಮ್ಮ ಕನ್ನಡಿಗರ ಮನೆಗಳ ನೀರೂ ಯೂನಿಯನ್ ಸ್ಯಾನಿಟರಿ ಡಿಸ್ಟ್ರಿಕ್ಟ್ ಅನ್ನೋ ಇಂಥದ್ದೇ ಒಂದು ಸಂಸ್ಥೆಗೆ ಹೋಗಿ ಸೇರುತ್ತೆ.

ಕಥೆ ನಡೆದದ್ದು ಮಾತ್ರ ಅಲ್ಲಲ್ಲ, ಸ್ಯಾನ್ ಫ್ರಾನ್ಸಿಸ್ಕೋದಿಂದ ಗೋಲ್ಡನ್ ಗೇಟ್ ಸೇತುವೆ ದಾಟಿದರೆ ಸಿಗುವ ಮರೀನ್ ಕೌಂಟಿಯಲ್ಲಿ. ಅಲ್ಲಿ ಮಿಲ್ ವ್ಯಾಲಿ ಊರೂ, ಆಲ್ಮಾಂಟೆ, ಆಲ್ಟೊ, ಹೋಮ್‌ಸ್ಟೆಡ್ ವ್ಯಾಲಿ, ರಿಚರ್ಡ್‌ಸನ್ ಬೇ ಅನ್ನೋ ನಾಲ್ಕು ಸ್ಯಾನಿಟರಿ ಡಿಸ್ಟ್ರಿಕ್ಟ್‌ಗಳೂ, ಟ್ಯಾಮಲ್ಪೈಸ್ ಕಡೆಯ ಇನ್ನೊಂದು ಸಂಸ್ಥೆಯೂ ಸೇರಿ 1979ರಲ್ಲಿ ಒಂದು ಜಂಟಿ ಏಜೆನ್ಸಿ ಮಾಡಿಕೊಂಡಿದ್ದವು. ಆರೂ ಕಡೆಯ ಕೊಳಚೆಗೆ ಒಂದೇ ಶುದ್ಧೀಕರಣ ಘಟಕ. 2008ರ ಜನವರಿಯಲ್ಲಿ ಜೋರು ಮಳೆ. 25ರಂದು ಒಮ್ಮೆ, 31ರಂದು ಮತ್ತೊಮ್ಮೆ ಅಲ್ಲಿಂದ ಕೊಳಚೆ ಉಕ್ಕಿ ರಿಚರ್ಡ್‌ಸನ್ ಕೊಲ್ಲಿಗೆ ಹರಿಯಿತು. ಎರಡೂ ಸೇರಿ 50 ಲಕ್ಷ ಗ್ಯಾಲನ್‌ಗೂ ಹೆಚ್ಚು, ಅಂದರೆ ಸುಮಾರು ಎರಡು ಕೋಟಿ ಲೀಟರ್! ಜನ ದೋಣಿಮನೆಗಳಲ್ಲಿ ವಾಸ ಮಾಡುವ, ಕಯಾಕ್ ನಡೆಸುವ, ಚಳಿಗಾಲದಲ್ಲಿ ಹೆರಿಂಗ್ ಮೀನು ಮೊಟ್ಟೆಯಿಡೋಕೆ ಬರುವ ಆಳವಿಲ್ಲದ ಕೊಲ್ಲಿ ಅದು. ಜನ ರೊಚ್ಚಿಗೆದ್ದದ್ದು ಬರೀ ಕೊಳಚೆಗಲ್ಲ. 25ರದ್ದು ಊರಿಗೆಲ್ಲ ಗೊತ್ತಾದದ್ದೇ 31ರದ್ದು ಸುದ್ದಿಯಾದ ಮೇಲೆ.

ಕಾನೂನು ಇರಲಿಲ್ಲವಾ? ಇತ್ತು ಸ್ವಾಮಿ, ಬೇಕಾದಷ್ಟಿತ್ತು. ರಾಜ್ಯದ ತುರ್ತುಸೇವೆ ಕಚೇರಿಗೆ ತಿಳಿಸಿ ಅಂತ ಜಲ ಸಂಹಿತೆ ಹೇಳ್ತಿತ್ತು, ಸ್ಥಳೀಯ ಆರೋಗ್ಯಾಧಿಕಾರಿಗೆ ತಿಳಿಸಿ ಅಂತ ಆರೋಗ್ಯ ಸಂಹಿತೆ. ಇವೆರಡರ ಜೊತೆಗೆ ರಾಜ್ಯ ಜಲಮಂಡಳಿಯ 2006ರ ಆದೇಶ. ಅದರ ಪ್ರಕಾರ ದೊಡ್ಡ ಸೋರಿಕೆಯನ್ನು ಕಂಪ್ಯೂಟರಿನಲ್ಲಿ ದಾಖಲಿಸೋಕೆ ಮೂರು ಕೆಲಸದ ದಿನಗಳ ಗಡುವು. ಶುಕ್ರವಾರ ಉಕ್ಕಿದರೆ ಬುಧವಾರದವರೆಗೆ ಪುರುಸೊತ್ತು! 2008ರ ಜನವರಿ 25 ಶುಕ್ರವಾರವೇ.

ಫೆಬ್ರವರಿ 20ರಂದು, ಅಂದರೆ ತಿಂಗಳೊಳಗೆ, ಜಲಮಂಡಳಿ ಆದೇಶ ತಿದ್ದಿತು. ಕೊಳಚೆ ಕಾಲುವೆಗೋ ಹೊಳೆಗೋ ಸಮುದ್ರಕ್ಕೋ ಸೇರಿದರೆ ಎರಡು ಗಂಟೆಯೊಳಗೆ ತುರ್ತುಸೇವೆಗೆ, ಆರೋಗ್ಯಾಧಿಕಾರಿಗೆ, ಪ್ರಾದೇಶಿಕ ಜಲಮಂಡಳಿಗೆ ಹೇಳಬೇಕು. ಹೇಳಿದ್ದೇವೆ ಅಂತ 24 ಗಂಟೆಯೊಳಗೆ ಬರೆದೂ ಕೊಡಬೇಕು.

ಎರಡು ಗಂಟೆಗೆ ಯಾಕಿಷ್ಟು ಬೆಲೆ ಅಂದರೆ, ನೀರಿನ ಬ್ಯಾಕ್ಟೀರಿಯಾ ಪರೀಕ್ಷೆಗೆ ಸಾಮಾನ್ಯವಾಗಿ ಒಂದು ದಿನ ಬೇಕು. ಇವತ್ತು ತುಂಬಿಸಿದ ಬಾಟಲಿಯ ಫಲಿತಾಂಶ ನಾಳೆ ಸಿಗುತ್ತೆ, ಅಷ್ಟರಲ್ಲಿ ಮಕ್ಕಳು ಈಜಿ ಮನೆಗೆ ಹೋಗಿರ್ತಾರೆ. ಇವತ್ತು ಈಜೋಕೆ ಬಂದವನನ್ನು ತಡೆಯೋದು ಪ್ರಯೋಗಾಲಯ ಅಲ್ಲ, ಒಂದು ಫೋನ್ ಕರೆ ಮತ್ತು ಅದರಿಂದ ದಡದಲ್ಲಿ ನೆಟ್ಟ ಒಂದು ಬೋರ್ಡು. ಇನ್ನೊಂದು ಸೂಕ್ಷ್ಮ ಇದೆ ನೋಡಿ. ಗಡಿಯಾರ ಶುರುವಾಗೋದು ಸೋರಿಕೆ ಶುರುವಾದಾಗ ಅಲ್ಲ, ಸಂಸ್ಥೆಗೆ ಗೊತ್ತಾದಾಗ. ಹಾಗಾಗಿ ಮ್ಯಾನ್‌ಹೋಲ್ ಬುಗ್ಗೆಯಾಗಿರೋದನ್ನು ಕಂಡು ಫೋನು ಮಾಡುವ ಪಕ್ಕದ ಮನೆಯವರೇ ಎಷ್ಟೋ ಸಲ ಆ ಗಡಿಯಾರಕ್ಕೆ ಕೀ ಕೊಡುವವರು.

ಮೂರು ಕರೆ ಅನ್ನೋದು ಕಾಗದದ ಮೇಲೆ ಸುಲಭ. ರಾತ್ರಿ ಎರಡು ಗಂಟೆಗೆ ಮೊಣಕಾಲುದ್ದ ಕೊಳಚೆಯಲ್ಲಿ ನಿಂತವನಿಗೆ? 2013ರಲ್ಲಿ ಇದನ್ನು ಸರಳ ಮಾಡಿದರು. ತುರ್ತುಸೇವೆಗೆ ಒಂದೇ ಕರೆ, ಅಲ್ಲಿಂದ ಒಂದು ನಿಯಂತ್ರಣ ಸಂಖ್ಯೆ ಪಡೆಯೋದು, ಉಳಿದವರಿಗೆ ಅವರೇ ಹಂಚ್ತಾರೆ. ಜೊತೆಗೆ, ನೀರಿಗೆ ಸೇರಿದ್ದು 1,000 ಗ್ಯಾಲನ್ ಮುಟ್ಟಿದರೆ ಮಾತ್ರ ಈ ಕರೆ ಅಂತಲೂ ಮಾಡಿದರು. ಮೊದಲನೆಯದು ಜಾಣತನ. ಎರಡನೆಯದು ನನಗಷ್ಟು ಹಿಡಿಸಲಿಲ್ಲ. ಕತ್ತಲಲ್ಲಿ ನಿಂತು ಒಂಬೈನೂರೋ ಸಾವಿರವೋ ಅಂತ ಅಳೆಯೋರು ಯಾರು?

ಕರೆ ಹೋದರೂ ಸರಪಳಿಯ ಕೊನೆಯ ಕೊಂಡಿ ಬೇರೆ. 2021ರ ಜುಲೈ 11ರಂದು ಲಾಸ್ ಏಂಜಲೀಸ್ ನಗರದ ಹೈಪೀರಿಯನ್ ಘಟಕದಿಂದ, ಮೊದಲು ಕೊಟ್ಟ ಲೆಕ್ಕದ ಪ್ರಕಾರ, 1.7 ಕೋಟಿ ಗ್ಯಾಲನ್ ಕೊಳಚೆ ಸಾಂಟಾ ಮೋನಿಕಾ ಕೊಲ್ಲಿಗೆ ಹೋಯಿತು. ಬೀಚ್ ಮುಚ್ಚಿದ ಸುದ್ದಿ ಜನಕ್ಕೆ ಸಿಕ್ಕಿದ್ದು ಮರುದಿನ.

2022ರ ಡಿಸೆಂಬರಿನಲ್ಲಿ ಹೊಸ ಆದೇಶ ಬಂತು, 2023ರ ಜೂನ್ 5ರಿಂದ ಜಾರಿ. ಎರಡು ಗಂಟೆ ಹಾಗೇ ಉಳಿಯಿತು. 50,000 ಗ್ಯಾಲನ್ ಮೀರಿದ ಸೋರಿಕೆಗೆ ನೀರಿನ ಮಾದರಿ ತೆಗೆಯೋಕೆ ಮೊದಲು 48 ಗಂಟೆ ಇತ್ತು, ಅದನ್ನು 18ಕ್ಕೆ ಇಳಿಸಿದರು.